ಹತ್ತನೇ ತರಗತಿಗೆ ಮಾತ್ರ

ಹೊಸಮನೆ, ಭದ್ರಾವತಿ
5 ನವೆಂಬರ್ 2020

ಪ್ರೀತಿಯ ಅಣ್ಣನಿಗೆ,

ನಾನು, ಮಲ್ಲೇಶ್ ಇಬ್ಬರೂ ಹುಷಾರಾಗಿದ್ದೇವೆ. ಮೊದಲೆಲ್ಲ ಕೈ ತಾನಾಗಿ ಬರೆದುಬಿಡುತ್ತಿದ್ದ ಮಾತು ಇದು. ಈಗ ಬರೆಯುವ ಮೊದಲು ಒಮ್ಮೆ ಗಂಟಲು ಮುಟ್ಟಿ ನೋಡಿಕೊಳ್ಳುತ್ತೇನೆ.

ನಿನ್ನೆ ಫೋನಿನಲ್ಲಿ ನಡೆದದ್ದು ಜಗಳವೋ ಅಲ್ಲವೋ ನನಗಿನ್ನೂ ಗೊತ್ತಾಗಿಲ್ಲ. ನಿನಗೆ ಕೇಳಿಸಲಿಲ್ಲ, ಫೋನನ್ನು ಸೀತತ್ತಿಗೆಗೆ ಕೊಟ್ಟೆ. ಅವರು ನನ್ನ ಮಾತನ್ನು ನಿನ್ನ ಕಿವಿಯ ಹತ್ತಿರ ಕೂಗಿ ಹೇಳುವಷ್ಟರಲ್ಲಿ "ಇನ್ನೊಂದು ಸಲ ಯೋಚನೆ ಮಾಡು" ಎಂದದ್ದು "ನಿಮಗೆ ಯೋಚನೇನೇ ಇಲ್ಲ ಅಂತಿದಾಳೆ" ಎಂದಾಗಿತ್ತು. ಆ ಕಡೆಯಿಂದ ನೀನು ಫೋನ್ ಇಟ್ಟ ಸದ್ದು ಕೇಳಿಸಿತು. ಅದಕ್ಕೇ ಈ ಕಾಗದ. ಇಲ್ಲಿ ನಡುವೆ ಯಾರೂ ಇಲ್ಲ.

ಸರ್ಕಾರ ಎಲ್ಲ ಶಾಲೆಗಳ ಅಭಿಪ್ರಾಯ ಕೇಳುತ್ತಿದೆಯಲ್ಲ, ಬಾಗಿಲು ತೆಗೆಯಬೇಕೆ ಬೇಡವೆ ಎಂದು. ವಿನೋಬನಗರದ ನಿಮ್ಮ ಶಾಲೆಗೆ ನೀನೇ ಅಧ್ಯಕ್ಷ. ನಿನ್ನ ಒಂದು ಮಾತಿಗೆ ಬೆಲೆ ಇದೆ. ನಿಮ್ಮ ಮಕ್ಕಳ ಮನೆಯಲ್ಲಿ ಫೋನಿದೆ, ಪಾಠ ಹೇಗೋ ಸಾಗುತ್ತಿದೆ. ನನ್ನದು ಸರ್ಕಾರಿ ಹೈಸ್ಕೂಲು. ಗುಡಿಯ ಕಟ್ಟೆಯ ಮೇಲೆ ಕೂರಿಸಿಕೊಂಡು ಮಾಡುತ್ತಿದ್ದ ಪಾಠವನ್ನೂ ಹೋದ ತಿಂಗಳು ನಿಲ್ಲಿಸಿದರು. ಮೇಷ್ಟ್ರುಗಳೇ ಸಾಯುತ್ತಿದ್ದಾರೆ, ನಿಲ್ಲಿಸಿದ್ದು ತಪ್ಪು ಎಂದು ಹೇಳಲಾರೆ. ಆದರೆ ನಿಂತ ಮೇಲೆ ಮಕ್ಕಳು ಎಲ್ಲಿ ಹೋದರು ಎಂದು ಯಾರೂ ಕೇಳುತ್ತಿಲ್ಲ.

ಇಂಪನಾ ಎಂಬ ಹುಡುಗಿ, ಹತ್ತನೇ ತರಗತಿ. ತಾಯಿ ಇಲ್ಲ, ಅಜ್ಜಿ ಹುಲಿಗೆಮ್ಮ ಸಾಕಿದ್ದು. ಅಪ್ಪ ಕಾಂತರಾಜ್‌ಗೆ ಕಾರ್ಖಾನೆಯ ಗುತ್ತಿಗೆ ಕೆಲಸ ಹೋಗಿ, ಈಗ ಅಡಿಕೆ ಮೂಟೆ ಹೊರುತ್ತಾನೆ. ಶನಿವಾರ ಅವಳನ್ನು ಹುಡುಕಿಕೊಂಡು ಹೋದೆ. ಊರಾಚೆಯ ಶೆಡ್ಡಿನಲ್ಲಿ ಹೆಂಗಸರ ಸಾಲಿನಲ್ಲಿ ಕೂತು ಹಸಿ ಅಡಿಕೆ ಸುಲಿಯುತ್ತಿದ್ದಳು. ನನ್ನನ್ನು ನೋಡಿದ್ದೇ ಎರಡೂ ಕೈಯನ್ನು ವೇಲಿನ ಕೆಳಗೆ ಅಡಗಿಸಿಕೊಂಡಳು. ಅಡಿಕೆಯ ಚೊಗರಿಗೆ ಬೆರಳೆಲ್ಲ ಕಪ್ಪಾಗಿದ್ದವು.

"ಶಾಲೆ ತೆಗೀತಿದ್ದಂಗೆ ಬಂದ್ಬಿಡ್ತೀನಿ ಮಿಸ್. ಯಾವಾಗ ತೆಗೀತಾರೆ?" ಎಂದು ಕೇಳಿದಳು.

ಹೆಂಗಸರೂ ಕೈ ನಿಲ್ಲಿಸಿ ನನ್ನ ಮುಖ ನೋಡಿದರು. ಇಷ್ಟು ವರ್ಷ ಪಾಠ ಮಾಡಿದವಳು "ಗೊತ್ತಿಲ್ಲಮ್ಮ" ಅಂದೆ.

ಹತ್ತನೆಯವರಿಗಾದರೂ ತೆರೆಯಿರಿ ಎಂದು ನಿಮ್ಮ ಶಾಲೆಯಿಂದ ಬರೆಸು ಅಣ್ಣ. ನಿಮ್ಮಂಥವರು ಬರೆದರೆ ಓದುತ್ತಾರೆ. ಅಮ್ಮನಿಗೆ ನನ್ನ ನಮಸ್ಕಾರ ತಿಳಿಸು.

ನಿನ್ನ ತಂಗಿ,
ತನುಜಾ

*

ವಿನೋಬನಗರ, ಶಿವಮೊಗ್ಗ
11 ನವೆಂಬರ್ 2020

ಚಿ. ಸೌ. ತನುಜಾಳಿಗೆ ವಿಶ್ವಾರಾಧ್ಯನ ಆಶೀರ್ವಾದಗಳು.

ಕಾಗದ ತಲುಪಿತು. ಫೋನನ್ನು ನಾನು ಸಿಟ್ಟಿನಿಂದ ಇಡಲಿಲ್ಲ. ಮಾತು ಮುಗಿಯಿತು ಎಂದುಕೊಂಡೆ.

ನೀನು ಕೇಳಿದ್ದು ನನ್ನಿಂದ ಆಗುವುದಿಲ್ಲ. ಕಾರಣ ಹೇಳುತ್ತೇನೆ, ಸಮಾಧಾನದಿಂದ ಓದು. ಮೊದಲನೆಯದು ಅಮ್ಮ. ಈ ವಯಸ್ಸಿನಲ್ಲಿ, ಆ ಉಬ್ಬಸ ಇಟ್ಟುಕೊಂಡು, ಅವಳಿಗೆ ಏನಾದರೂ ತಗುಲಿದರೆ ಮುಂದಿನ ಮಾತೇ ಇಲ್ಲ. ಮೊಮ್ಮಗಳು ಶ್ರೀಗೌರಿ ಒಂದನೇ ತರಗತಿ. ಇವತ್ತು ಹತ್ತನೆಯವರಿಗೆ ತೆಗೆದರೆ ನಾಳೆ ಅವಳಿಗೂ ತೆಗೆಯುತ್ತಾರೆ. ಅವಳು ದಿನವೂ ಬಂದು ಅಮ್ಮನ ತೊಡೆಯ ಮೇಲೆಯೇ ಕೂರುವವಳು. ತನ್ನ ಟೀಚರನ್ನು ಅವಳು ಇದುವರೆಗೆ ನೋಡಿಲ್ಲ, ಫೋನಿನಲ್ಲಿ ಕಂಡದ್ದಷ್ಟೆ. ದೋಸೆ ತಿನ್ನುತ್ತಾ "ಪ್ರೆಸೆಂಟ್ ಮಿಸ್" ಎನ್ನುತ್ತಾಳೆ. ಟೀಚರಿಗೆ ಕಾಲಿದೆಯಾ ಎಂದು ಮೊನ್ನೆ ನನ್ನನ್ನು ಕೇಳಿದಳು. ನನಗೂ ಸಂಕಟವಾಗುತ್ತದೆ, ಇಲ್ಲವೆಂದಲ್ಲ.

ಇನ್ನೊಂದನ್ನು ನಿನಗೆ ಮಾತ್ರ ಹೇಳುತ್ತಿದ್ದೇನೆ. ಗಾಂಧಿ ಬಜಾರಿನ ನಮ್ಮ ಅಂಗಡಿ ನಡೆಯುವುದೇ ಯೂನಿಫಾರಂ ಬಟ್ಟೆಯಿಂದ. ಜೂನಿಗೆಂದು ತರಿಸಿದ ನೀಲಿ ಚೆಕ್ಸ್ ಥಾನುಗಳು ಹಾಗೇ ಮೇಲಿನ ಅಟ್ಟದಲ್ಲಿವೆ. ನಾನು ಶಾಲೆ ತೆರೆಯಿರಿ ಎಂದರೆ ಜನ ಏನನ್ನುತ್ತಾರೆ? ವಿಶ್ವಾರಾಧ್ಯ ಬಟ್ಟೆ ಮಾರುವುದಕ್ಕೆ ಮಕ್ಕಳನ್ನು ಸೋಂಕಿಗೆ ತಳ್ಳಿದ ಎಂದೇ. ಪಕ್ಕದ ಅಂಗಡಿಯ ಮುರುಗೇಶಪ್ಪ ಈಗಲೇ ತಮಾಷೆ ಮಾಡುತ್ತಾನೆ.

ಸಭೆಗಳಲ್ಲಿ ನನ್ನ ಪಾಡು ನಿನಗೆ ಗೊತ್ತಿಲ್ಲ. ಮೊದಲು ತುಟಿ ನೋಡಿಯಾದರೂ ಅರ್ಧ ತಿಳಿಯುತ್ತಿತ್ತು. ಈಗ ಎಲ್ಲರ ಬಾಯಿಗೂ ಬಟ್ಟೆ. ಕಣ್ಣು ನೋಡಿ ತಲೆಯಾಡಿಸುತ್ತೇನೆ.

ದೀಪಾವಳಿಗೆ ಬರುವುದು ಬೇಡ. ಬೇಸರ ಮಾಡಿಕೊಳ್ಳಬೇಡ. ನೀನು ಹತ್ತು ಮನೆ ಸುತ್ತುವವಳು. ಅಮ್ಮ ದಿನಾ ಕೇಳುತ್ತಾಳೆ, ನಾನು ಏನಾದರೊಂದು ಹೇಳುತ್ತೇನೆ.

ಇಂತು,
ವಿಶ್ವಾರಾಧ್ಯ

*

ಭದ್ರಾವತಿ
25 ನವೆಂಬರ್ 2020

ಅಣ್ಣನಿಗೆ,

ದೀಪಾವಳಿಗೆ ಬರಲಿಲ್ಲ. ಹೋಳಿಗೆ ಮಾಡಿ ಮಲ್ಲೇಶ್ ಒಬ್ಬರಿಗೇ ಬಡಿಸಿದೆ. "ನಿಮ್ಮಣ್ಣ ಹೇಳಿದ್ರಲ್ಲಿ ತಪ್ಪೇನಿದೆ ಮಾರಾಯ್ತಿ" ಎಂದರು. ತಪ್ಪಿಲ್ಲ. ಅದಕ್ಕೇ ಹೆಚ್ಚು ಬೇಸರ.

ನಿನಗೆ ನೆಮ್ಮದಿಯ ಸುದ್ದಿ. ಡಿಸೆಂಬರ್ ಮುಗಿಯುವ ತನಕ ಶಾಲೆ ತೆಗೆಯುವುದಿಲ್ಲ ಎಂದು ಮೊನ್ನೆ ಹೇಳಿದರು. ಟೀವಿಯಲ್ಲಿ ಅದು ಬರುತ್ತಿರುವಾಗ ನಾನು ಇಂಪನಾಳ ಮನೆಯ ಮುಂದೆ ನಿಂತಿದ್ದೆ. ಕಾಂತರಾಜ್ ಅವಳ ಬಟ್ಟೆಬರೆ ಕಟ್ಟಿಸುತ್ತಿದ್ದ. ಸುಲಿಯುವ ಹೆಂಗಸರ ಗುಂಪು ಸಾಗರದ ಕಡೆ ಹೊರಟಿದೆ, ಅವಳೂ ಜೊತೆಗೆ ಹೋಗುವುದು ಎಂದಾಗಿತ್ತು. ಕೆಲಸ ಮುಗಿಯುವ ತನಕ ಅಲ್ಲೇ ಇರುವುದು.

"ಪರೀಕ್ಷೆಗೆ ಬರ್ತಾಳಾ?" ಅಂದೆ.

"ಪರೀಕ್ಷೆ ಇದ್ಯಾ ಮಿಸ್? ನೀವು ಹೇಳಿ, ಇದೆ ಅಂತ ಹೇಳಿ, ಈಗ್ಲೇ ಗಂಟು ಬಿಚ್ತೀನಿ. ನಾನೇನು ಮಗಳನ್ನ ದುಡಿಸ್ಬೇಕು ಅಂತ ಆಸೆ ಪಟ್ಟವನಲ್ಲ. ಮನೇಲಿ ಕೂತು ಗೋಡೆ ನೋಡೋ ಬದ್ಲು ಹೋಗ್ಲಿ ಅಂದೆ ಅಷ್ಟೆ."

ಅವನು ಸಿಟ್ಟಿನಲ್ಲಿರಲಿಲ್ಲ. ನಿಜವಾಗಿ ನನ್ನಿಂದ ಉತ್ತರ ಬೇಕಾಗಿತ್ತು ಅವನಿಗೆ. ನಾನು ಬಾಯಿ ತೆರೆಯುವ ಮೊದಲೇ ಹುಲಿಗೆಮ್ಮ ಒಳಗಿಂದ ಬಂದು ಗಂಟನ್ನು ಎತ್ತಿ ಒಳಗಿಟ್ಟಳು. "ಮಿಸ್ಸು ಇಷ್ಟು ದೂರ ಬಂದವ್ರೆ ಅಂದ್ಮೇಲೆ ಏನೋ ಒಂದ್ ಇರ್ತದೆ. ಹುಡುಗಿ ಎಲ್ಲಿಗೂ ಹೋಗಲ್ಲ" ಎಂದಳು. ಆ ಮುದುಕಿಗೆ ನನ್ನ ಮೇಲೆ ಯಾಕಷ್ಟು ನಂಬಿಕೆಯೋ ಗೊತ್ತಿಲ್ಲ. ನನ್ನ ಬಳಿ ಏನೂ ಇರಲಿಲ್ಲ.

ಈಗ ಒಂದು ವ್ಯವಸ್ಥೆ ಮಾಡಿದ್ದೇನೆ. ಏನೆಂದು ಕೇಳಬೇಡ. ಹುಡುಗಿ ಊರಲ್ಲೇ ಇದ್ದಾಳೆ, ಓದುತ್ತಿದ್ದಾಳೆ. ಅಷ್ಟು ತಿಳಿದಿರಲಿ.

ತನುಜಾ

*

ಶಿವಮೊಗ್ಗ
21 ಡಿಸೆಂಬರ್ 2020

ಚಿ. ಸೌ. ತನುಜಾಳಿಗೆ ಆಶೀರ್ವಾದಗಳು.

ಅಂಗಡಿಯ ಕೆಲಸದಲ್ಲಿ ಉತ್ತರ ಬರೆಯುವುದು ತಡವಾಯಿತು. ಆ ಹುಡುಗಿಯನ್ನು ಹಾಸ್ಟೆಲಿಗೆ ಸೇರಿಸಿದ್ದು ಒಳ್ಳೆಯದಾಯಿತು. ನೀನು ಹೇಳದಿದ್ದರೂ ಊಹಿಸಬಲ್ಲೆ.

ಜನವರಿ ಒಂದಕ್ಕೆ ಹತ್ತನೇ ತರಗತಿಗೆ ಮಾತ್ರ ಶಾಲೆ ತೆರೆಯಬಹುದು ಎಂಬ ಆದೇಶ ನೀನೂ ನೋಡಿರುತ್ತೀಯ. ನಿನ್ನೆ ನಮ್ಮಲ್ಲಿ ಪೋಷಕರ ಸಭೆಯಾಯಿತು. ಬಯಲಿನಲ್ಲಿ ಕುರ್ಚಿಗಳನ್ನು ದೂರದೂರ ಹಾಕಿಸಿದ್ದೆವು. ಬಹಳ ಮಾತಾಯಿತು. ಆಟೋ ಓಡಿಸುವ ಶಿವರಾಜ್ ಎಂಬ ಪೋಷಕ ಎದ್ದು ನಿಂತು, ಬಸ್ಸು ತುಂಬಿ ಹೋಗುತ್ತಿದೆ, ಬಜಾರು ತುಂಬಿದೆ, ಮದುವೆಗಳಾಗುತ್ತಿವೆ, ಶಾಲೆಯ ಬಾಗಿಲಿಗೆ ಮಾತ್ರ ಯಾಕೆ ಬೀಗ ಎಂದು ಕೇಳಿದನಂತೆ. ಗಂಡನನ್ನು ಸೆಪ್ಟೆಂಬರಿನಲ್ಲಿ ಕಳೆದುಕೊಂಡ ತಾಯಿಯೊಬ್ಬಳು, ಇರುವುದು ಒಬ್ಬಳೇ ಮಗಳು, ಒಂದು ವರ್ಷ ಹೋದರೆ ಹೋಗಲಿ ಎಂದಳಂತೆ. ಇಬ್ಬರ ಮಾತಿಗೂ ಜನ ತಲೆಯಾಡಿಸಿದ್ದನ್ನು ನಾನೇ ನೋಡಿದೆ.

ಕೊನೆಗೆ ಕೈ ಎತ್ತಿಸಿದರು. ತೆರೆಯುವುದೆಂದು ತೀರ್ಮಾನವಾಯಿತು. ನಾನೂ ಕೈ ಎತ್ತಿದೆ.

ಭಾನುವಾರ ಬಂದು ಅಮ್ಮನನ್ನು ನೋಡಿ ಹೋಗು. ಅಮ್ಮ ಊಟ ಕಡಿಮೆ ಮಾಡಿದ್ದಾಳೆ. ಅಂಗಳದಲ್ಲಿ ಕೂತು ಮಾತಾಡಿದರಾಯಿತು.

ವಿಶ್ವಾರಾಧ್ಯ

*

ಭದ್ರಾವತಿ
23 ಡಿಸೆಂಬರ್ 2020

ನನ್ನ ಅಣ್ಣನಿಗೆ,

ನಿನ್ನ ಕಾಗದವನ್ನು ಸ್ಟಾಫ್ ರೂಮಿನಲ್ಲಿ ಗಟ್ಟಿಯಾಗಿ ಓದಿದೆ. ಗಾಂಧಿ ಬಜಾರಿನವರ ಬಾಯಿಗೆ ಹೆದರುತ್ತಿದ್ದವನು, ಅಮ್ಮನಿಗಾಗಿ ಬಾಗಿಲು ಹಾಕಿಕೊಂಡವನು, ಎಲ್ಲರೆದುರು ಕೈ ಎತ್ತಿದೆಯಲ್ಲ. ನನ್ನ ಒಂದು ಕಾಗದ ನಿನ್ನನ್ನು ಇಷ್ಟು ಅಲ್ಲಾಡಿಸೀತು ಎಂದುಕೊಂಡಿರಲಿಲ್ಲ. ನೀನು ನನ್ನ ಮಾತು ಕೇಳಿದ್ದು ಇದೇ ಮೊದಲಿರಬೇಕು.

ಇಂಪನಾಗೆ ಹೇಳಿದೆ. ಯೂನಿಫಾರಂ ತೋಳು ಗಿಡ್ಡವಾಗಿದೆಯಂತೆ, ಪರವಾಗಿಲ್ಲವಾ ಎಂದು ಕೇಳಿದಳು. ಕೆಲಸಕ್ಕೆ ಹೋಗುವುದು ನಿಂತು ಬೆರಳಿನ ಕಪ್ಪು ಸ್ವಲ್ಪ ಬಿಟ್ಟಿದೆ.

ಭಾನುವಾರ ಖಂಡಿತ ಬರುತ್ತೇನೆ. ಅಂಗಳದಲ್ಲೇ ಇರುತ್ತೇನೆ, ಹೆದರಬೇಡ.

ತನುಜಾ

*

ಭದ್ರಾವತಿ
1 ಜನವರಿ 2021

ಅಣ್ಣ,

ವಿಷಯವನ್ನು ನಿನ್ನೆಯೇ ಅತ್ತಿಗೆಗೆ ಫೋನಿನಲ್ಲಿ ಹೇಳಿದ್ದೇನೆ. ನೀನು ನನ್ನ ಅಕ್ಷರದಲ್ಲೂ ಓದಬೇಕು ಎಂದು ಬರೆಯುತ್ತಿದ್ದೇನೆ. ಶಾಲೆ ತೆರೆಯುವ ಮೊದಲು ಶಿಕ್ಷಕರಿಗೆಲ್ಲ ಟೆಸ್ಟ್ ಮಾಡಿಸಿದರು. ನನಗೆ ಪಾಸಿಟಿವ್ ಬಂದಿದೆ. ಜ್ವರ ಇಲ್ಲ, ಕೆಮ್ಮಿಲ್ಲ. ಮೂಗಿಗೆ ಕಾಫಿಯ ವಾಸನೆಯೂ ಬರುತ್ತಿದೆ. ಅದಕ್ಕೇ ನಂಬಲಾಗುತ್ತಿಲ್ಲ.

ಭಾನುವಾರ ಅಂಗಳದಲ್ಲೇ ಇದ್ದೆ, ಆದರೆ ದೂರ ಕೂರಲಿಲ್ಲ. ನೀನು ಪೇಪರ್ ತರಲು ಹೋದಾಗ ಅಮ್ಮ ಎದ್ದು ನನ್ನ ಹತ್ತಿರ ಬಂದಳು. "ಮಾಸ್ಕ್ ತೆಗಿ, ಮುಖ ನೋಡ್ತೀನಿ" ಅಂದಳು. ತೆಗೆದೆ. ಕೈ ಹಿಡಿದುಕೊಂಡು ಕೂತೆವು. ಅಮ್ಮನನ್ನು ಬೇರೆ ಕೋಣೆಯಲ್ಲಿಡು. ಶ್ರೀಗೌರಿಯನ್ನು ಹತ್ತಿರ ಬಿಡಬೇಡ.

ಇವತ್ತು ನಮ್ಮ ಶಾಲೆ ತೆರೆದರು. ಬಾಗಿಲಿಗೆ ತೋರಣ ಕಟ್ಟಿದ್ದರಂತೆ. ಮಕ್ಕಳ ಹಣೆಗೆ ಜ್ವರದ ಗನ್ ಇಟ್ಟು, ಕೈಗೆ ಸ್ಯಾನಿಟೈಸರ್ ಹಾಕಿ ಒಳಗೆ ಬಿಟ್ಟರಂತೆ. ಶಾಲೆ ತೆರೆಯಿರಿ ಎಂದು ಎಲ್ಲರ ಹತ್ತಿರ ವಾದ ಮಾಡಿದ ನಾನು ಹಿಂದಿನ ಕೋಣೆಯಲ್ಲಿ ಕಿಟಕಿ ಹಾಕಿಕೊಂಡು ಕೂತಿದ್ದೇನೆ. ಮಲ್ಲೇಶ್ ಬಾಗಿಲಾಚೆ ತಟ್ಟೆ ಇಟ್ಟು ಹೋಗುತ್ತಾರೆ. ಇಂಪನಾ ಬಂದಿದ್ದಳಂತೆ.

ನೀನು ಬೈಯುತ್ತೀಯ. ಬೈದು ಬರೆ. ಏನೂ ಬರೆಯದೆ ಇರಬೇಡ.

ತನುಜಾ

*

ಶಿವಮೊಗ್ಗ
7 ಜನವರಿ 2021

ತನುಜಾ,

ಅಮ್ಮನಿಗೆ ಏನೂ ಆಗಿಲ್ಲ. ನಮಗೆಲ್ಲ ಟೆಸ್ಟ್ ಮಾಡಿಸಿದೆ, ಯಾರಿಗೂ ಇಲ್ಲ. ಬೆರಳಿಗೆ ಹಾಕುವ ಯಂತ್ರ ತಂದು ಅಮ್ಮನಿಗೆ ಹೊತ್ತುಹೊತ್ತಿಗೆ ಹಾಕಿ ನೋಡುತ್ತಿದ್ದೇನೆ. ಅವಳಿಗೆ ಅದೊಂದು ಆಟವಾಗಿದೆ. "ತನುಜಾಗೂ ಒಂದು ಕಳಿಸು" ಎನ್ನುತ್ತಾಳೆ.

ಬೈಯಬೇಕೆಂದು ಪೆನ್ನು ಹಿಡಿದೆ. ಆಗುತ್ತಿಲ್ಲ. ಬಾ ಎಂದು ಕರೆದವನು ನಾನೇ.

ಶಾಲೆಯ ಮೊದಲ ದಿನ ಅಧ್ಯಕ್ಷ ಎಂದು ನನ್ನನ್ನು ಗೇಟಿನ ಹತ್ತಿರ ನಿಲ್ಲಿಸಿದ್ದರು. ಎಲ್ಲ ಮಕ್ಕಳೂ ಬರಲಿಲ್ಲ. ಬಂದವರು ಒಬ್ಬರನ್ನೊಬ್ಬರು ನೋಡಿ ಓಡಿಬಂದು, ಹತ್ತಿರವಾದ ಮೇಲೆ ನಿಂತುಬಿಡುತ್ತಿದ್ದರು. ಮುಟ್ಟಬಹುದೋ ಇಲ್ಲವೋ ತಿಳಿಯದೆ ಕೈ ಆಡಿಸುತ್ತಿದ್ದರು. ಒಬ್ಬ ಹುಡುಗಿ ಅಳುತ್ತಿದ್ದಳು. ಸಂತೋಷಕ್ಕೋ ಹೆದರಿಕೆಗೋ ಎಂದು ಟೀಚರನ್ನು ಕೇಳಿದೆ. ಅವರು ಹೇಳಿದ್ದು ನನಗೆ ಕೇಳಿಸಲಿಲ್ಲ.

ಅಂಗಡಿಯಲ್ಲಿ ಚೆಕ್ಸ್ ಬಟ್ಟೆ ಕೇಳಿಕೊಂಡು ಜನ ಬರುತ್ತಿದ್ದಾರೆ. ಕತ್ತರಿಸಿ ಕೊಡುವಾಗ ಯಾರ ಮುಖವನ್ನೂ ನೋಡುವುದಿಲ್ಲ.

ನಿನಗೆ ಉಸಿರು ಕಟ್ಟಿದಂತಾದರೆ ಕ್ಷಣ ಕಾಯಬೇಡ, ಅತ್ತಿಗೆಗೆ ಫೋನ್ ಮಾಡು. ನಾನೇ ಕಾರು ತರುತ್ತೇನೆ.

ವಿಶ್ವಾರಾಧ್ಯ

*

ಭದ್ರಾವತಿ
18 ಜನವರಿ 2021

ಅಣ್ಣನಿಗೆ,

ನನ್ನನ್ನು ಹೊರಗೆ ಬಿಟ್ಟಿದ್ದಾರೆ. ಶಾಲೆಗೂ ಹೋದೆ. ಹೇಳಬೇಕಾದದ್ದನ್ನು ಹೇಳಿಬಿಡುತ್ತೇನೆ. ಹುಲಿಗೆಮ್ಮ ತೀರಿಕೊಂಡಳು. ಹೊಸ ವರ್ಷದ ಮೂರನೇ ದಿನಕ್ಕೆ ಜ್ವರ ಬಂತಂತೆ, ಮಾತ್ರೆ ನುಂಗಿ ಮಲಗಿದಳಂತೆ. ಶಿವಮೊಗ್ಗದ ಆಸ್ಪತ್ರೆಗೆ ಕರೆದುಕೊಂಡು ಹೋಗುವಷ್ಟರಲ್ಲಿ ಉಸಿರು ಏರಿಬಿಟ್ಟಿತ್ತು. ಹೆಣವನ್ನು ಮನೆಗೆ ಕೊಡಲಿಲ್ಲ. ಸಂಕ್ರಾಂತಿಯ ಹಿಂದಿನ ದಿನ ನನಗೆ ತಿಳಿಯಿತು.

ಆ "ವ್ಯವಸ್ಥೆ" ಹಾಸ್ಟೆಲ್ ಅಲ್ಲ ಅಣ್ಣ. ನಮ್ಮ ತಾರಸಿ. ಡಿಸೆಂಬರ್ ಪೂರ್ತಿ, ಬೇಡ ಎಂದು ಸರ್ಕಾರ ಹೇಳಿದ್ದ ಕಾಲದಲ್ಲಿ, ಇಂಪನಾಳನ್ನೂ ಇನ್ನು ಕೆಲವು ಹುಡುಗಿಯರನ್ನೂ ತಾರಸಿಯ ಮೇಲೆ ಕೂರಿಸಿಕೊಂಡು ಪಾಠ ಮಾಡಿದೆ. ಟೆಸ್ಟಿಗೆ ಮೂಗು ಕೊಟ್ಟ ದಿನವೂ ಮಾಡಿದೆ. ನೀನು ಹಾಸ್ಟೆಲ್ ಎಂದು ಬರೆದಾಗ ತಿದ್ದಬಹುದಾಗಿತ್ತು. ತಿದ್ದಲಿಲ್ಲ. ತಿದ್ದಿದ್ದರೆ ನೀನು ಭಾನುವಾರ ಬರಬೇಡ ಎನ್ನುತ್ತಿದ್ದೆ.

ನನಗೆ ತಲೆ ಕೆಟ್ಟಂತಾಗಿದೆ. ಅಮ್ಮನ ಕೈ ಹಿಡಿದು, ಮಾಸ್ಕ್ ಇಲ್ಲದೆ, ಮುಖಕ್ಕೆ ಮುಖ ಕೊಟ್ಟು ಕೂತಿದ್ದೆ. ಅಮ್ಮನಿಗೆ ಏನೂ ಆಗಲಿಲ್ಲ. ಹುಲಿಗೆಮ್ಮನನ್ನು ಡಿಸೆಂಬರಿನಲ್ಲಿ ನಾನು ಕಣ್ಣಾರೆ ಕಂಡೇ ಇಲ್ಲ, ಅವಳು ಸತ್ತಳು. ತಾರಸಿಯಿಂದ ಹೋಯಿತೋ, ಶಾಲೆಯಿಂದ ಹೋಯಿತೋ, ಕಾಂತರಾಜ್ ಮೂಟೆ ಹೊರುವಲ್ಲಿಂದ ಬಂತೋ. ಯಾರನ್ನು ಕೇಳಲಿ? ಡಾಕ್ಟರನ್ನು ಕೇಳಿದರೆ "ಈಗ ಅದೆಲ್ಲ ಹೇಳೋಕಾಗಲ್ಲ ಮೇಡಂ" ಎನ್ನುತ್ತಾರೆ.

ಇಂಪನಾ ಶಾಲೆಗೆ ಬರುತ್ತಿಲ್ಲ. ಅವರ ಮನೆಗೆ ಹೋದೆ. ನನ್ನನ್ನು ಕಂಡವಳೇ ಹಿತ್ತಲಿಗೆ ಓಡಿಹೋದಳು. ಎಷ್ಟು ಕರೆದರೂ ಬರಲಿಲ್ಲ. ಅವಳಿಗೆ ನನ್ನ ಮುಖ ನೋಡಲೂ ಇಷ್ಟವಿಲ್ಲ. ನ್ಯಾಯವೇ. ಮಿಸ್ಸು ಬಂದವ್ರೆ ಎಂದು ಗಂಟು ಒಳಗಿಟ್ಟ ಅಜ್ಜಿಯ ಜೀವವನ್ನು ಮಿಸ್ಸೇ ತೆಗೆದಳಲ್ಲ. ನಾನು ಮತ್ತೆ ಆ ಕಡೆ ಹೋಗಿಲ್ಲ.

ಫೆಬ್ರವರಿಯಲ್ಲಿ ಒಂಬತ್ತನೆಯವರಿಗೂ ತೆರೆಯುತ್ತಾರಂತೆ. ನಮ್ಮ ಹೆಡ್‌ಮಾಸ್ಟರು ಅಭಿಪ್ರಾಯ ಕೇಳಿದರು. ಬೇಡ ಎಂದೆ. ಆಶ್ಚರ್ಯದಿಂದ ನೋಡಿದರು. ಮನೆಗೆ ಬರುವ ದಾರಿಯಲ್ಲಿ ಶೆಡ್ಡಿನ ಮುಂದೆ ಒಂಬತ್ತನೆಯ ಇಬ್ಬರು ಹುಡುಗಿಯರು ಕೂತಿದ್ದನ್ನು ನೋಡಿ, ಬೇಕು ಎನ್ನಬೇಕಿತ್ತು ಅನ್ನಿಸಿತು. ನಾನು ಈಗ ಯಾವ ಕಡೆಯವಳು ಎಂದು ನನಗೇ ತಿಳಿಯುತ್ತಿಲ್ಲ. ಆ ದಿನ ಧೈರ್ಯವಾಗಿ ಕೈ ಎತ್ತಿದವನು ನೀನು. ಏನು ಯೋಚಿಸಿ ಎತ್ತಿದೆ ಎಂದು ಹೇಳು. ಅದನ್ನಾದರೂ ಹಿಡಿದುಕೊಳ್ಳುತ್ತೇನೆ.

ತನುಜಾ

*

ಶಿವಮೊಗ್ಗ
28 ಜನವರಿ 2021

ಪ್ರೀತಿಯ ತನುಜಾ,

ನಿನ್ನ ಪ್ರಶ್ನೆಗೆ ಉತ್ತರ ಕೊಡುವ ಮೊದಲು ಒಂದು ಕಡೆ ಹೋಗಿ ಬರಬೇಕಾಗಿತ್ತು. ಅದಕ್ಕೇ ತಡ.

ಆ ದಿನ ನಾನು ಏನನ್ನೂ ಯೋಚಿಸಿ ಕೈ ಎತ್ತಲಿಲ್ಲ. "ಬೇಡ ಎನ್ನುವವರು ಕೈ ಎತ್ತಿ" ಎಂದು ಕೇಳುತ್ತಿದ್ದಾರೆ ಎಂದುಕೊಂಡೆ. ಕಾರ್ಯದರ್ಶಿ ಕೇಳಿದ್ದು ಬೇಕು ಎನ್ನುವವರನ್ನು. ಮಾಸ್ಕಿನೊಳಗಿನ ಮಾತು, ಹೊರಗೆ ಬಸ್ಸಿನ ಹಾರ್ನು. ನನ್ನ ಕೈ ನೋಡಿಕೊಂಡು ಇನ್ನೂ ಕೆಲವರು ಕೈ ಎತ್ತಿದರು. ಚಪ್ಪಾಳೆಯಾಯಿತು. ಎಲ್ಲ ಮುಗಿದ ಮೇಲೆ ಬೋರ್ಡಿನ ಮೇಲೆ ಬರೆದದ್ದನ್ನು ಓದಿ ನನಗೆ ತಿಳಿಯಿತು. ನನಗೆ ಕೇಳಿಸಲಿಲ್ಲ ಎಂದು ಅಷ್ಟು ಜನರ ಮುಂದೆ ಹೇಳಲು ಬಾಯಿ ಬರಲಿಲ್ಲ. ಆಮೇಲೆ ನಿನ್ನ ಕಾಗದ ಬಂತು. ಸ್ಟಾಫ್ ರೂಮಿನಲ್ಲಿ ಗಟ್ಟಿಯಾಗಿ ಓದಿದೆ ಎಂದು ಬರೆದಿದ್ದೆ. ನಾನು ಅದನ್ನು ಎಷ್ಟೋ ಸಲ ಓದಿದೆ. ಹೊಗಳಿಕೆ ಹಿತವಾಗಿತ್ತು, ಬಿಟ್ಟುಕೊಡಲು ಮನಸ್ಸಾಗಲಿಲ್ಲ.

ಹಿಡಿದುಕೊಳ್ಳಲು ನನ್ನ ಬಳಿ ಏನೂ ಇಲ್ಲ ತನುಜಾ. ಅದಕ್ಕೇ ಮೊನ್ನೆ ಬಸ್ಸು ಹತ್ತಿ ಭದ್ರಾವತಿಗೆ ಬಂದೆ. ನಿನಗೆ ಹೇಳದೆ ಬಂದದ್ದಕ್ಕೆ ಬೇಸರಿಸಬೇಡ. ಹೇಳಿದ್ದರೆ ನೀನು ಬೇಡ ಎನ್ನುತ್ತಿದ್ದೆ. ಕೇಳಿಕೊಂಡು ಕಾಂತರಾಜ್ ಮನೆಗೆ ಹೋದೆ. ತನುಜಾ ಮಿಸ್ಸಿನ ಅಣ್ಣ ಎಂದೆ. ಕುರ್ಚಿ ತಂದು ಬೀದಿಯಲ್ಲೇ ಹಾಕಿದ. ಅವನು ಏನೋ ಹೇಳಿದ. ಕಿವಿ ತೋರಿಸಿ, ಕೇಳಿಸುವುದಿಲ್ಲ, ನಿನ್ನ ತುಟಿ ಕಂಡರೆ ಸ್ವಲ್ಪ ತಿಳಿಯುತ್ತದೆ ಎಂದೆ. ಅವನು ಬೀದಿಯ ಆಚೆ ಬದಿಗೆ ಹೋಗಿ ನಿಂತು, ಮಾಸ್ಕ್ ಕೆಳಗೆ ಮಾಡಿ, ಅಲ್ಲಿಂದ ಕೂಗಿ ಮಾತಾಡಿದ. ನಾವು ಆಡಿದ್ದೆಲ್ಲ ಆ ಬೀದಿಗೇ ಕೇಳಿಸಿರಬೇಕು.

ನಾನು ಕೈ ಎತ್ತಿದ ಕತೆಯನ್ನು ಮೊದಲು ಅವನಿಗೇ ಹೇಳಿದೆ. ಯಾಕೆ ಹೇಳಿದೆನೋ ಗೊತ್ತಿಲ್ಲ. ಅವನು ನಗಲಿಲ್ಲ.

"ಯಾರಿಂದ ಬಂತು ಅಂತ ನಂಗೂ ಗೊತ್ತಿಲ್ಲ ಸಾರ್," ಅಂದ. "ನಾನು ಮಂಡಿಗೆ ಹೋಗ್ತೀನಿ. ಅವ್ವ ರೇಷನ್ನಿಗೆ ಹೋಗಿದ್ಲು, ಪಕ್ಕದ್ಮನೆ ಸೀಮಂತಕ್ಕೂ ಹೋಗಿದ್ಲು. ಮಗಳು ಮಿಸ್ ಮನೆಗೆ ಹೋಗಿದ್ಲು. ಎಲ್ಲಾರೂ ಎಲ್ಲೆಲ್ಲೋ ಹೋಗಿದ್ವಿ. ಮಿಸ್ ಮೇಲೆ ನಂಗೆ ಸಿಟ್ಟಿಲ್ಲ. ಇರ್ಬೇಕಿತ್ತೇನೋ. ಬರ್ತಿಲ್ಲ."

ಮತ್ತೆ ಹುಡುಗಿ ಯಾಕೆ ಓಡಿಹೋಗುತ್ತಾಳೆ ಎಂದು ಕೇಳಿದೆ.

ಅವನು ಹಿತ್ತಲಿನ ಕಡೆ ನೋಡಿದ. ಈಗ ಬರೆಯುವುದನ್ನು ಸರಿಯಾಗಿ ಓದು. ಅವಳು ನಿನ್ನ ಮೇಲಿನ ಸಿಟ್ಟಿಗೆ ಓಡುತ್ತಿಲ್ಲ. ತಾನೇ ಅಜ್ಜಿಗೆ ತಂದು ಹಚ್ಚಿದೆ ಎಂದು ತಿಳಿದಿದ್ದಾಳೆ. ನಿನಗೆ ಬಂದದ್ದೂ ತನ್ನಿಂದಲೇ ಎಂದು ತಿಳಿದಿದ್ದಾಳೆ. ಶೆಡ್ಡಿನಲ್ಲಿ ಕೆಮ್ಮುವವರ ನಡುವೆ ಕೂತು, ಅಲ್ಲಿಂದ ನಿನ್ನ ತಾರಸಿಗೆ ಬಂದವಳು ತಾನು ಎಂಬುದು ಅವಳ ಲೆಕ್ಕ. ಅಡುಗೆಮನೆಗೆ ಹೋಗುವುದಿಲ್ಲವಂತೆ. ತಟ್ಟೆ ಲೋಟ ಬೇರೆ ಇಟ್ಟುಕೊಂಡಿದ್ದಾಳಂತೆ. ಅಪ್ಪ ಒಳಗೆ ಬಂದರೆ ಅವಳು ಹೊರಗೆ ಹೋಗುತ್ತಾಳಂತೆ. "ಮಿಸ್ ಹತ್ರ ಬಂದ್ರೆ ಮಿಸ್ಸೂ ಸತ್ತೋಗ್ತಾರೆ" ಎಂದಳಂತೆ. ನಿನಗೆ ವಾಸಿಯಾಗಿದೆ ಎಂದು ಅವನು ಹೇಳಿದರೂ ನಂಬುತ್ತಿಲ್ಲ.

ನಾನು ಅವಳನ್ನು ನೋಡಿದೆ. ಹಿತ್ತಲಿನ ಒಗೆಯುವ ಕಲ್ಲಿನ ಹತ್ತಿರ ಗೋಡೆಗೆ ಮುಖ ಮಾಡಿ ಕೂತಿದ್ದಳು. ನಮ್ಮ ಶ್ರೀಗೌರಿಗಿಂತ ಸ್ವಲ್ಪ ದೊಡ್ಡದು ಅನ್ನಿಸಿತು, ಅಷ್ಟೇ. ಹತ್ತನೇ ತರಗತಿಯವರು ಅಷ್ಟು ಸಣ್ಣವರು ಎಂದು ನನಗೆ ಗೊತ್ತಿರಲಿಲ್ಲ.

ನೀನು ಹೋಗು.

ವಿಶ್ವಾರಾಧ್ಯ

*

ಭದ್ರಾವತಿ
3 ಫೆಬ್ರವರಿ 2021

ಅಣ್ಣ,

ಕಾಗದ ಓದಿ ಚಪ್ಪಲಿ ಮೆಟ್ಟಿಕೊಂಡವಳು ನೇರವಾಗಿ ಅವಳ ಮನೆಗೇ ಹೋದೆ. ನೀನು ಕೈ ಎತ್ತಿದ ವಿಷಯಕ್ಕೆ ಸಿಟ್ಟು ಬರಬೇಕಿತ್ತು. ದಾರಿಯಲ್ಲಿ ನಗು ಬಂತು, ಆಮೇಲೆ ಅಳು ಬಂತು, ಆಟೋದವನು ತಿರುಗಿ ತಿರುಗಿ ನೋಡಿದ.

ಅವಳು ಹಿತ್ತಲಲ್ಲೇ ಇದ್ದಳು. ನಾನು ಹತ್ತಿರ ಹೋಗಲಿಲ್ಲ. ಹಿತ್ತಲ ಬಾಗಿಲಿನ ಮೆಟ್ಟಿಲ ಮೇಲೆ ಕೂತೆ. ಓಡುವುದಕ್ಕೆ ಅವಳಿಗೆ ಬೇರೆ ದಾರಿ ಇರಲಿಲ್ಲ.

"ನಂಗೆ ವಾಸಿಯಾಗಿದೆ ಇಂಪನಾ. ನೋಡು, ಇಲ್ಲೇ ಕೂತಿದೀನಿ" ಅಂದೆ.

ಅವಳು ತಿರುಗಲಿಲ್ಲ. ಗೋಡೆಗೆ ಹೇಳಿದ ಹಾಗೆ ಹೇಳಿದಳು: "ಅಜ್ಜಿಗೆ ನಾನೇ, ಮಿಸ್, ಅನ್ನ ಕಲಸಿ ಕೊಟ್ಟಿದ್ದು. ಶಾಲೆಯಿಂದ ಬಂದು, ಕೈ ತೊಳ್ಕೊಂಡೇ ಕೊಟ್ಟೆ. ಸರಿಯಾಗಿ ತೊಳ್ಕೊಂಡ್ನೋ ಇಲ್ವೋ ನೆನಪಿಲ್ಲ."

ನಿನ್ನಿಂದ ಅಲ್ಲ ಎಂದು ಹೇಳಿಬಿಡಬಹುದಾಗಿತ್ತು. ನಾಲಿಗೆಯ ತುದಿಗೆ ಬಂದಿತ್ತು. ಸುಳ್ಳು ಹೇಳಿದರೆ ಅವಳಿಗೆ ಗೊತ್ತಾಗುತ್ತದೆ. ಆಮೇಲೆ ನಾನು ಹೇಳುವ ಯಾವುದನ್ನೂ ಅವಳು ನಂಬುವುದಿಲ್ಲ. ನನ್ನಿಂದ ಎಂದು ಹೇಳಿದರೆ, ಅದೂ ನನಗೆ ತಿಳಿದ ಮಾತಲ್ಲ. ಅದಕ್ಕೆ ಇದ್ದದ್ದನ್ನೇ ಹೇಳಿದೆ. ನಾನೇ ಕೊಂದೆ ಎಂದುಕೊಂಡು ನಾನೂ ಇಷ್ಟು ದಿನ ಕೊರಗುತ್ತಿದ್ದೆ, ನಿನಗೆ ನನ್ನ ಮೇಲೆ ಸಿಟ್ಟೆಂದು ಮತ್ತೆ ಇತ್ತ ಬರಲಿಲ್ಲ ಎಂದೆ.

ಆಗ ತಿರುಗಿದಳು. "ನಿಮ್ಮಿಂದಾನಾ? ನಿಮ್ಮಿಂದ ಹೆಂಗ್ ಬರುತ್ತೆ ಮಿಸ್?" ಅಂದಳು. ಅವಳಿಗೆ ಅದು ಹೊಳೆದೇ ಇರಲಿಲ್ಲ.

"ಬರಬಹುದು. ನಿನ್ನಿಂದಾನೂ ಬಂದಿರಬಹುದು. ಅಪ್ಪನಿಂದಾನೂ ಬಂದಿರಬಹುದು. ಯಾರಿಗೂ ಗೊತ್ತಾಗಲ್ಲ ಕಣೇ. ಇನ್ನು ಮುಂದೂ ಗೊತ್ತಾಗಲ್ಲ."

"ಹಂಗಾದ್ರೆ ಶಾಲೆ ತೆಗೆದಿದ್ದು ತಪ್ಪಾ ಮಿಸ್?"

"ಅದೂ ಗೊತ್ತಿಲ್ಲ."

ಅವಳು ಅತ್ತಳು. ಅಜ್ಜಿ ಹೋದ ಮೇಲೆ ಅವಳು ಅತ್ತೇ ಇರಲಿಲ್ಲ ಎಂದು ಕಾಂತರಾಜ್ ಆಮೇಲೆ ಹೇಳಿದ. ಅವನೂ ಒಳಗೆ ನಿಂತಿದ್ದ. ಅವಳು ಅಳುವುದನ್ನು ನೋಡಿಕೊಂಡು ಅಷ್ಟು ದೂರದಲ್ಲಿ ಕೂತಿರುವುದು ನನ್ನಿಂದ ಆಗಲಿಲ್ಲ. ಎದ್ದು ಹೋದೆ. ಏನು ಮಾಡಿದೆ ಎಂದು ಬರೆಯುವುದಿಲ್ಲ. ನಿನಗೆ ಗೊತ್ತಾಗುತ್ತದೆ.

ಬರುವಾಗ, ನಾಳೆ ಬಾ ಎಂದು ಹೇಳಲು ಧೈರ್ಯವಾಗಲಿಲ್ಲ. ನಾನು ನಾಳೆ ಶಾಲೆಯಲ್ಲಿ ಇರುತ್ತೇನೆ ಎಂದಷ್ಟೇ ಹೇಳಿದೆ.

ಒಂಬತ್ತನೆಯವರೂ ಈ ವಾರದಿಂದ ಬರುತ್ತಿದ್ದಾರೆ. ಅವರ ವಿಷಯದಲ್ಲಿ ಬೇಡ ಎಂದಿದ್ದಿರಲ್ಲ, ಈಗ ಏನನ್ನುತ್ತೀರಿ ಎಂದು ಹೆಡ್‌ಮಾಸ್ಟರು ಕೇಳಿದರು. ದಿನಕ್ಕೊಂದು ಹೇಳುತ್ತೇನೆ ಸಾರ್, ನನ್ನನ್ನು ಕೇಳಬೇಡಿ ಎಂದೆ. ಮೇಲಿನ ಕೋಣೆಯಲ್ಲಿ ಒಂಬತ್ತನೆಯವರ ಗಲಾಟೆ, ಕೆಳಗೆ ಹತ್ತನೆಯವರು. ಇವತ್ತು ಬೆಳಿಗ್ಗೆ ಹಾಜರಿ ಮುಗಿಸಿ ಪುಸ್ತಕ ತೆರೆದಿದ್ದೆ. ಬಾಗಿಲಲ್ಲಿ ಯಾರೋ ನಿಂತಿದ್ದರು. ತೋಳು ಗಿಡ್ಡವಾದ ಯೂನಿಫಾರಂ. ಮಾಸ್ಕಿನ ಮೇಲೆ ಎರಡು ಕಣ್ಣು. ಹೊಸ್ತಿಲಿನಿಂದ ಒಂದು ಹೆಜ್ಜೆ ಹಿಂದೆಯೇ ನಿಂತಿದ್ದಳು.

"ಒಳಗೆ ಬರ್ಲಾ ಮಿಸ್?"

ತಡವಾಗಿ ಬಂದ ಎಲ್ಲ ಮಕ್ಕಳೂ ಕೇಳುವ ಮಾತು. ಇಷ್ಟು ವರ್ಷ ಪುಸ್ತಕದಿಂದ ತಲೆ ಎತ್ತದೆ "ಬಾ" ಎಂದಿದ್ದೇನೆ. ಇವತ್ತು ತಕ್ಷಣ ಬಾಯಿಗೆ ಬರಲಿಲ್ಲ. ತರಗತಿಯ ಮಕ್ಕಳೆಲ್ಲ ನನ್ನನ್ನೇ ನೋಡುತ್ತಿದ್ದರು. ಅವಳು ಕಾಯುತ್ತಿದ್ದಳು.

ಬಾ ಎಂದೆ.

ನಿನ್ನ ತಂಗಿ,
ತನುಜಾ